ಹೆಂಡತಿಯ ತಾಯಿಯನ್ನು ಬ್ರಿಟನ್‌ಗೆ ಶಾಶ್ವತವಾಗಿ ಕರೆಸಿಕೊಳ್ಳಲು ಅಳಿಯ ಅರ್ಜಿ ಹಾಕಬಹುದೇ?

ರೆಡಿಂಗ್ ಅಳಿಯ

ಎಲ್ಲರಿಗೂ ನಮಸ್ಕಾರ. ನಾನು ಬ್ರಿಟಿಷ್ ಪೌರ. ನನ್ನ ಹೆಂಡತಿ ಮದುವೆಯ ನಂತರ ಸಂಗಾತಿ ವೀಸಾದ ಮೇಲೆ ಬಂದವಳು. ಮೊದಲ 33 ತಿಂಗಳ ಅವಧಿ ಮುಗಿದು ಈಗ 30 ತಿಂಗಳ ವಿಸ್ತರಣೆಯಲ್ಲಿದ್ದಾಳೆ. ಅವಳು ತಂದೆತಾಯಿಗೆ ಒಬ್ಬಳೇ ಮಗಳು. ಮಾವ ತೀರಿಕೊಂಡ ಮೇಲೆ ಅತ್ತೆಯವರು ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ಇನ್ನೊಬ್ಬರ ಆಸರೆ ಬೇಕು. ಏಜೆನ್ಸಿಯಿಂದ ಹೋಂ ನರ್ಸ್ ಇಟ್ಟಿದ್ದೇವೆ. ಆದರೆ ಬಂದವರು ನಿಲ್ಲುವುದಿಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ದಿನಗಳಲ್ಲಿ ಇಲ್ಲಿ ನಮ್ಮಿಬ್ಬರಿಗೂ ನಿದ್ದೆ ಇರುವುದಿಲ್ಲ.

ಅತ್ತೆಯವರನ್ನು ಶಾಶ್ವತವಾಗಿ ಇಲ್ಲಿಗೆ ಕರೆದುಕೊಂಡು ಬರಬೇಕೆಂದು ನಿರ್ಧರಿಸಿದ್ದೇವೆ. ನನಗೆ ಪೌರತ್ವವಿದೆ, ಕಾಯಂ ಕೆಲಸವಿದೆ, ಸ್ವಂತ ಮನೆಯಿದೆ, ಅದರಲ್ಲಿ ಅವರಿಗೊಂದು ಕೋಣೆಯೂ ಇದೆ. ನಾನೇ ಸ್ಪಾನ್ಸರ್ ಆಗಿ ಅರ್ಜಿ ಹಾಕಬಹುದೇ? ಹಾಕಿದವರಿದ್ದರೆ ದಯವಿಟ್ಟು ತಿಳಿಸಿ.

ತುಂಗಾತೀರ

ನೇರವಾಗಿ ಹೇಳುತ್ತೇನೆ, ನೀವು ಸ್ಪಾನ್ಸರ್ ಆಗಲು ಬರುವುದಿಲ್ಲ. ನೀವು ಕೇಳುತ್ತಿರುವುದು ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್ ವೀಸಾ, ಎಲ್ಲರೂ ಎಡಿಆರ್ ಎನ್ನುವುದು ಇದಕ್ಕೇ. ವಲಸೆ ನಿಯಮಗಳ ಅಪೆಂಡಿಕ್ಸ್ ಎಫ್‌ಎಂನಲ್ಲಿ ಯಾರು ಅರ್ಜಿ ಹಾಕಬಹುದು ಎಂಬ ಪಟ್ಟಿ ಇದೆ. ಅರ್ಜಿದಾರರು ಇಲ್ಲಿರುವ ಸ್ಪಾನ್ಸರ್‌ಗೆ ತಂದೆ, ತಾಯಿ, ಅಜ್ಜ, ಅಜ್ಜಿ, ಅಣ್ಣತಮ್ಮ, ಅಕ್ಕತಂಗಿ ಅಥವಾ ವಯಸ್ಕ ಮಗ, ಮಗಳು ಆಗಿರಬೇಕು. ಅತ್ತೆ, ಮಾವ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಪೌರತ್ವ ಎಷ್ಟು ಹಳೆಯದು, ಸಂಬಳ ಎಷ್ಟು ಎಂಬುದು ಈ ಒಂದು ವಿಷಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸ್ಪಾನ್ಸರ್ ಆಗಬೇಕಾದವರು ನಿಮ್ಮ ಹೆಂಡತಿ. ಅದಕ್ಕೆ ಅವರು ಬ್ರಿಟಿಷ್ ಪೌರರಾಗಿರಬೇಕು ಅಥವಾ ಇಲ್ಲಿ ಶಾಶ್ವತ ನೆಲೆಯ ಹಕ್ಕು, ಅಂದರೆ ಐಎಲ್‌ಆರ್ ಪಡೆದಿರಬೇಕು. ನಿರಾಶ್ರಿತರಾಗಿ ರಕ್ಷಣೆ ಪಡೆದವರಿಗೂ ಅವಕಾಶವಿದೆ, ನಿಮಗೆ ಅದು ಅನ್ವಯಿಸದು. ಸಂಗಾತಿ ವೀಸಾದ ಮೇಲೆ ಇರುವವರೆಗೆ ಅವರು ತಮ್ಮ ತಾಯಿಯನ್ನು ಕರೆಸಿಕೊಳ್ಳುವಂತಿಲ್ಲ. ಪೌರತ್ವದವರೆಗೆ ಕಾಯಬೇಕಾಗಿಲ್ಲ, ಐಎಲ್‌ಆರ್ ಸಾಕು. ಐದು ವರ್ಷ ತುಂಬುವ 28 ದಿನ ಮೊದಲೇ ಐಎಲ್‌ಆರ್ ಅರ್ಜಿ ಸಲ್ಲಿಸಬಹುದು. ಲೈಫ್ ಇನ್ ದ ಯುಕೆ ಎಂಬ ಬ್ರಿಟನ್ನಿನ ಇತಿಹಾಸ, ಜನಜೀವನದ ಪರೀಕ್ಷೆ, ಬಿ1 ಅಂದರೆ ಮಧ್ಯಮ ಮಟ್ಟದ ಇಂಗ್ಲಿಷ್ ಪರೀಕ್ಷೆ ಈಗಲೇ ಮುಗಿಸಿಕೊಳ್ಳಲಿ. ಆ ಎರಡಕ್ಕಾಗಿ ಕೊನೆಯ ಗಳಿಗೆಯಲ್ಲಿ ತಿಂಗಳುಗಳು ಹೋಗಬಾರದು.

ಅರ್ಜಿ ಶುಲ್ಕ ಮೂರು ಸಾವಿರ ಪೌಂಡ್‌ಗಿಂತ ಹೆಚ್ಚು. ತಿರಸ್ಕೃತವಾದರೆ ಹಣ ವಾಪಸ್ ಬರುವುದಿಲ್ಲ. ಈಗ ನಿಮ್ಮ ಹೆಸರಿನಲ್ಲಿ ಹಾಕಿದರೆ ಅಷ್ಟೂ ಹಣ ಹೋಗುತ್ತದೆ, ಜೊತೆಗೆ ಅತ್ತೆಯವರ ದಾಖಲೆಯಲ್ಲಿ ಒಂದು ತಿರಸ್ಕಾರ ಉಳಿಯುತ್ತದೆ. ಮುಂದೆ ಹಾಕುವ ಪ್ರತಿಯೊಂದು ವೀಸಾ ಅರ್ಜಿಯಲ್ಲೂ ಅದನ್ನು ಹೇಳಿಕೊಳ್ಳಬೇಕಾಗುತ್ತದೆ.

ರೆಡಿಂಗ್ ಅಳಿಯ

ನಿಮ್ಮ ಉತ್ತರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತುಬಿಟ್ಟೆ. ನಾನು ದುಡಿಯುವುದು, ಮನೆ ನನ್ನದು, ಅವರನ್ನು ನೋಡಿಕೊಳ್ಳಲು ನಾನೂ ಸಿದ್ಧ. ಆದರೂ ಕಾಗದದ ಮೇಲೆ ನನಗೂ ಅವರಿಗೂ ಸಂಬಂಧವೇ ಇಲ್ಲ ಎನ್ನುವುದು ನೋಯಿಸುತ್ತದೆ. ಇರಲಿ. ಐಎಲ್‌ಆರ್ ಬಂದ ಮೇಲೆ ಹೆಂಡತಿ ಅರ್ಜಿ ಹಾಕಿದರೆ ಸಿಗುವ ಸಾಧ್ಯತೆ ಎಷ್ಟು?

ಸಂಪಿಗೆ

ನಮ್ಮ ಮಾವನವರ ವಿಷಯದಲ್ಲಿ ನಾವು ಈ ದಾರಿಯನ್ನು ಪೂರ್ತಿ ನಡೆದಿದ್ದೇವೆ. ಸ್ಪಾನ್ಸರ್ ನನ್ನ ಗಂಡ, ಕಾಗದಪತ್ರ ಜೋಡಿಸಿದವಳು ನಾನು. ಮೊದಲು ತಿರಸ್ಕಾರವಾಯಿತು, ಆಮೇಲೆ ಮೇಲ್ಮನವಿಯಲ್ಲಿ ಗೆದ್ದೆವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2012ರ ಜುಲೈ 9ಕ್ಕೆ ಮುಂಚೆ ನಿಯಮ ಬೇರೆ ಇತ್ತು. 65 ದಾಟಿದ ತಂದೆ ಅಥವಾ ತಾಯಿ ಇಲ್ಲಿರುವ ಮಕ್ಕಳ ಹಣದ ಮೇಲೆ ಅವಲಂಬಿಸಿದ್ದರೆ, ಅಲ್ಲಿ ಬೇರೆ ಹತ್ತಿರದ ಬಂಧುಗಳು ಇಲ್ಲದಿದ್ದರೆ ಅವಕಾಶವಿತ್ತು. ಈಗ ವಯಸ್ಸು, ಒಂಟಿತನ, ಹಣದ ಅವಲಂಬನೆ ಇವು ಯಾವುವೂ ಸಾಲುವುದಿಲ್ಲ. ಕೇಳುವುದು ಎರಡು ಪ್ರಶ್ನೆ. ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ದಿನನಿತ್ಯದ ಕೆಲಸಗಳಿಗೆ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕೇ? ನೀವು ಹಣ ಕಳುಹಿಸಿ, ಓಡಾಡಿ ಸಹಾಯ ಮಾಡಿದರೂ ಆ ಆರೈಕೆ ಅಲ್ಲಿ ಸಿಗುವುದಿಲ್ಲವೇ, ಅಥವಾ ಅದರ ವೆಚ್ಚ ಭರಿಸಲು ಆಗುವುದಿಲ್ಲವೇ?

ಮೊದಲ ಪ್ರಶ್ನೆಗೆ ನಿಮ್ಮ ಅತ್ತೆಯವರ ಸ್ಥಿತಿಯೇ ಉತ್ತರ. ಆದರೆ ಅದನ್ನು ವೈದ್ಯರು ಹೇಗೆ ಬರೆಯುತ್ತಾರೆ ಎಂಬುದು ಮುಖ್ಯ. ನಮ್ಮ ಕಡೆಯ ವೈದ್ಯರ ಪತ್ರದಲ್ಲಿ ಸಾಮಾನ್ಯವಾಗಿ ಕಾಯಿಲೆಯ ಹೆಸರು, ಔಷಧಿಗಳ ಪಟ್ಟಿ, ಕೊನೆಗೆ ಮಕ್ಕಳ ಜೊತೆ ಇರುವುದು ಒಳ್ಳೆಯದು ಎಂಬ ಒಂದು ಸಾಲು ಇರುತ್ತದೆ. ಅಧಿಕಾರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಹಾಸಿಗೆಯಿಂದ ಏಳಲು ಎಷ್ಟು ಜನ ಹಿಡಿಯಬೇಕು, ಊಟ ತಾವೇ ಮಾಡುತ್ತಾರೆಯೇ, ರಾತ್ರಿ ಎಷ್ಟು ಸಲ ಎಬ್ಬಿಸಬೇಕು, ಮಾತ್ರೆ ತಪ್ಪಿದರೆ ಏನಾಗುತ್ತದೆ, ಒಬ್ಬರೇ ಇದ್ದಾಗ ಏನು ಅಪಾಯ, ಮುಂದೆ ಸ್ಥಿತಿ ಸುಧಾರಿಸುವ ಸಾಧ್ಯತೆ ಇದೆಯೇ ಎಂಬುದೆಲ್ಲ ಬಿಡಿಸಿ ಬರೆದಿರಬೇಕು. ಆದಷ್ಟೂ ನರರೋಗ ತಜ್ಞರಿಂದ ಅಥವಾ ವೃದ್ಧರ ಆರೋಗ್ಯದ ತಜ್ಞರಿಂದ ಬರೆಸಿ.

ಹೆಚ್ಚಿನ ಅರ್ಜಿಗಳು ಬೀಳುವುದು ಎರಡನೆಯ ಪ್ರಶ್ನೆಯಲ್ಲಿ. ಭಾರತದಲ್ಲಿ ಹೋಂ ನರ್ಸ್ ಸಿಗುತ್ತಾರೆ, ವೃದ್ಧಾಶ್ರಮಗಳಿವೆ, ಪೌಂಡ್ ಕಳುಹಿಸಿದರೆ ಎಲ್ಲ ಆಗುತ್ತದೆ ಎಂಬುದು ಅವರ ಸಿದ್ಧ ಉತ್ತರ. ಇಲ್ಲಿನ ಇಕ್ಕಟ್ಟನ್ನು ನೋಡಿ. ನಿಮ್ಮ ಹತ್ತಿರ ಹಣವಿಲ್ಲದಿದ್ದರೆ ಸರ್ಕಾರದ ನೆರವಿಲ್ಲದೆ ಇಲ್ಲಿ ಸಾಕಲಾರಿರಿ ಎನ್ನುತ್ತಾರೆ. ಹಣವಿದ್ದರೆ ಅಲ್ಲಿಯೇ ಆರೈಕೆ ಕೊಡಿಸಿ ಎನ್ನುತ್ತಾರೆ. ಇದನ್ನು ದಾಟಬೇಕಾದರೆ ವೆಚ್ಚದ ವಾದಕ್ಕಿಂತ, ಬೇಕಾದ ಮಟ್ಟದ ಆರೈಕೆಯೇ ಅಲ್ಲಿ ಸಿಗುತ್ತಿಲ್ಲ ಎಂಬ ವಾದವೇ ಗಟ್ಟಿ.

ಅದಕ್ಕೆ ಏಜೆನ್ಸಿಯ ಪತ್ರವೊಂದೇ ಸಾಲದು. ಆರೈಕೆ ಲಭ್ಯವಿಲ್ಲ ಎಂಬ ಪುರಾವೆ ಆರೋಗ್ಯ ಇಲಾಖೆಯಿಂದ, ಸ್ಥಳೀಯ ಆಡಳಿತದಿಂದ ಅಥವಾ ವೈದ್ಯರಂಥ ಆರೋಗ್ಯ ವೃತ್ತಿಯವರಿಂದ ಬರಬೇಕು ಎಂದು ಅಪೆಂಡಿಕ್ಸ್ ಎಫ್‌ಎಂ-ಎಸ್‌ಇ ಹೇಳುತ್ತದೆ. ಇದುವರೆಗೆ ಖಾಸಗಿಯಾಗಿ ಯಾರಾದರೂ ನೋಡಿಕೊಂಡಿದ್ದರೆ ಆ ಏರ್ಪಾಡಿನ ವಿವರ, ಅದು ಏಕೆ ಮುಂದುವರಿಯುವುದಿಲ್ಲ ಎಂಬ ಕಾರಣ ಕೊಡಬೇಕು. ಆದ್ದರಿಂದ ಇವತ್ತಿನಿಂದಲೇ ಅತ್ತೆಯವರ ಮನೆಯಲ್ಲಿ ಒಂದು ನೋಟ್ ಪುಸ್ತಕ ಇಡಿಸಿ. ಯಾವ ಹೋಂ ನರ್ಸ್ ಯಾವಾಗ ಬಂದರು, ಯಾವಾಗ ಬಿಟ್ಟರು, ಏಕೆ ಬಿಟ್ಟರು, ಯಾರೂ ಇಲ್ಲದ ದಿನಗಳಲ್ಲಿ ಏನಾಯಿತು, ಎಲ್ಲವೂ ಅದರಲ್ಲಿ ಬರಲಿ. ಏಜೆನ್ಸಿಗೆ ಹಣ ಕಳುಹಿಸಿದ ಬ್ಯಾಂಕ್ ದಾಖಲೆ, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ವಾಟ್ಸಾಪ್‌ನಲ್ಲಿ ಏಜೆನ್ಸಿಯವರು ಜನ ಇಲ್ಲ ಎಂದು ಬರೆದದ್ದು, ಯಾವುದನ್ನೂ ಅಳಿಸಬೇಡಿ. ನಮ್ಮ ಮೇಲ್ಮನವಿಯಲ್ಲಿ ನ್ಯಾಯಾಧೀಶರು ಹೆಚ್ಚು ಹೊತ್ತು ಕೇಳಿದ್ದು ಇಂಥ ದಾಖಲೆಗಳ ಬಗ್ಗೆಯೇ.

ಇನ್ನು ಬಂಧುಗಳ ವಿಷಯ. ಬ್ರಿಟನ್ನಿನ ಗೃಹ ಇಲಾಖೆಯ ಮಾರ್ಗಸೂಚಿಯಲ್ಲಿ ನೋಡಿಕೊಳ್ಳಬಲ್ಲವರು ಎಂದರೆ ಮಕ್ಕಳು ಮಾತ್ರವಲ್ಲ, ಒಡಹುಟ್ಟಿದವರು, ದೂರದ ಬಂಧುಗಳು, ಸ್ನೇಹಿತರು, ನೆರೆಯವರು, ಮನೆಕೆಲಸದವರು ಕೂಡ ಬರುತ್ತಾರೆ. ಸೋದರಮಾವ, ಚಿಕ್ಕಮ್ಮ, ಅವರ ಮಕ್ಕಳು ಯಾರಿದ್ದರೂ ಅವರು ಏಕೆ ನೋಡಿಕೊಳ್ಳಲಾರರು ಎಂದು ಒಬ್ಬೊಬ್ಬರ ಬಗ್ಗೆಯೂ ಬರೆಯಿರಿ. ಸಾಧ್ಯವಾದರೆ ಅವರಿಂದಲೇ ಅಫಿಡವಿಟ್ ಮಾಡಿಸಿ. ಹೆಸರನ್ನೇ ಎತ್ತದೆ ಬಿಟ್ಟರೆ ಅಧಿಕಾರಿ ಅದನ್ನೇ ಹಿಡಿದುಕೊಳ್ಳುತ್ತಾರೆ.

ಅತ್ತೆಯವರ ಪಿಂಚಣಿ, ಅವರ ಹೆಸರಿನ ಮನೆ, ಠೇವಣಿ ಇದ್ದರೆ ಮುಚ್ಚಿಡಬೇಡಿ. ಮಾವನವರ ಮರಣ ಪ್ರಮಾಣಪತ್ರವೂ ಬೇಕು. ಅವರು ಬದುಕಿದ್ದರೆ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಬೇಕಾಗುತ್ತಿತ್ತು.

ತುಂಗಾತೀರ

ಸಂಪಿಗೆಯವರು ಬರೆದದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. 2017ರಲ್ಲಿ ಬ್ರಿಟ್‌ಸಿಟ್ಸ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಈ ನಿಯಮಗಳನ್ನು ರದ್ದುಪಡಿಸಲಿಲ್ಲ. ಆದರೆ ಬೇಕಾದ ಆರೈಕೆ ಎಂದರೆ ದೇಹದ ಆರೈಕೆ ಮಾತ್ರವಲ್ಲ, ಮಾನಸಿಕ ಮತ್ತು ಭಾವನಾತ್ಮಕ ಅಗತ್ಯವೂ ಅದರೊಳಗೆ ಬರಬಹುದು, ಅದನ್ನು ತಜ್ಞ ವೈದ್ಯರ ಪುರಾವೆಯಿಂದ ತೋರಿಸಬೇಕು ಎಂದು ಹೇಳಿತು. ಪಾರ್ಕಿನ್ಸನ್ ಇರುವವರಲ್ಲಿ ಖಿನ್ನತೆ, ಆತಂಕ, ಮರೆವು ಸಾಮಾನ್ಯ. ಅತ್ತೆಯವರಲ್ಲಿ ಅಂಥದ್ದು ಕಂಡಿದ್ದರೆ ಮನೋವೈದ್ಯರಿಗೆ ತೋರಿಸಿ, ವರದಿ ಪಡೆಯಿರಿ. ಅರ್ಜಿಗಾಗಿ ಮಾತ್ರವಲ್ಲ, ಅವರಿಗೆ ಚಿಕಿತ್ಸೆ ಸಿಗಬೇಕು ಎಂಬುದಕ್ಕೂ.

ತಿರಸ್ಕಾರವಾದರೆ ಮಾನವ ಹಕ್ಕಿನ ಆಧಾರದ ಮೇಲೆ ಮೇಲ್ಮನವಿಗೆ ಅವಕಾಶವಿದೆ. ಬ್ರಿಟನ್ನಿನ ಹೊರಗಿರುವವರಿಗೆ 28 ದಿನ ಗಡುವು. ಅಲ್ಲಿ ವಯಸ್ಕ ಮಗಳು ಮತ್ತು ತಾಯಿಯ ನಡುವೆ ಸಹಜ ಪ್ರೀತಿಗಿಂತ ಹೆಚ್ಚಿನ ಅವಲಂಬನೆ ಇದೆಯೇ ಎಂದು ಕೇಳುತ್ತಾರೆ. 2003ರ ಕುಗಾತಾಸ್ ತೀರ್ಪಿನಿಂದ ಬಂದ ಪ್ರಶ್ನೆ ಇದು. ನಿಮ್ಮ ಹೆಂಡತಿ ಅಲ್ಲಿಗೆ ಹೋಗಿಬಂದದ್ದು, ಪ್ರತಿದಿನ ವೀಡಿಯೊ ಕರೆಯಲ್ಲಿ ಮಾತ್ರೆ ತೆಗೆದುಕೊಳ್ಳುವಂತೆ ನೋಡಿಕೊಳ್ಳುವುದು, ಎಲ್ಲವೂ ಅಲ್ಲಿ ಪುರಾವೆಯಾಗುತ್ತದೆ.

ಹೊಂಗೆ ಮರ

ಇಷ್ಟೆಲ್ಲ ಏಕೆ? ವಿಸಿಟ್ ವೀಸಾದಲ್ಲಿ ಕರೆದುಕೊಂಡು ಬನ್ನಿ, ಇಲ್ಲಿಗೆ ಬಂದ ಮೇಲೆ ಮಾನವ ಹಕ್ಕಿನ ಅರ್ಜಿ ಹಾಕಿ. ನನಗೆ ಗೊತ್ತಿರುವ ಕುಟುಂಬವೊಂದಕ್ಕೆ ಹೀಗೆಯೇ ಆಯಿತು. ವಯಸ್ಸಾದ, ಕಾಯಿಲೆಯ ಹೆಂಗಸನ್ನು ಯಾರೂ ವಿಮಾನ ಹತ್ತಿಸಿ ಕಳುಹಿಸುವುದಿಲ್ಲ.

ತುಂಗಾತೀರ

ಹೊಂಗೆ ಮರ ಅವರೇ, ಈ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಳೆಯ ನಿಯಮದ ಕಾಲದಲ್ಲಿ ಇಲ್ಲಿದ್ದುಕೊಂಡೇ ಅರ್ಜಿ ಹಾಕಲು ದಾರಿ ಇತ್ತು. ಆ ಕಾಲದವರ ಅನುಭವವೇ ಇಂದಿಗೂ ಬಾಯಿಂದ ಬಾಯಿಗೆ ಹರಡುತ್ತಿದೆ. ಈಗ ಎಡಿಆರ್ ಅರ್ಜಿಯನ್ನು ಬ್ರಿಟನ್ನಿನ ಹೊರಗಿನಿಂದಲೇ ಹಾಕಬೇಕು. ವಿಸಿಟ್ ವೀಸಾದಿಂದ ಅದಕ್ಕೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಇಲ್ಲಿಂದ ಹಾಕುವ ಮಾನವ ಹಕ್ಕಿನ ಅರ್ಜಿ ನಿಯಮದಾಚೆಯದು, ಅಪರೂಪಕ್ಕೆ ಒಪ್ಪುತ್ತಾರೆ. ಒಪ್ಪಿದರೂ ಸೀಮಿತ ಅವಧಿಯ ಅನುಮತಿ ಕೊಡುತ್ತಾರೆ. ಒಪ್ಪದಿದ್ದರೆ, ನಡೆಯಲಾಗದ ಹಿರಿಯರು ವರ್ಷಗಟ್ಟಲೆ ಅತಂತ್ರವಾಗಿ ಉಳಿಯುತ್ತಾರೆ. ಅತ್ತ ಊರಿಗೆ ಹೋಗಿಬರುವಂತಿಲ್ಲ, ಇತ್ತ ನೆಲೆಯ ಹಕ್ಕಿಲ್ಲ.

ಇನ್ನೂ ದೊಡ್ಡ ವಿಷಯ ಪ್ರಾಮಾಣಿಕತೆಯದು. ವಾಪಸ್ ಹೋಗುತ್ತೇನೆ ಎಂದು ಹೇಳಿ ವಿಸಿಟ್ ವೀಸಾ ಪಡೆಯುತ್ತೀರಿ. ಉಳಿಯುವ ಉದ್ದೇಶ ಮೊದಲಿನಿಂದಲೇ ಇತ್ತು ಎಂದು ಸಾಬೀತಾದರೆ ಅದು ಸುಳ್ಳು ಹೇಳಿದ ಹಾಗೆ. ಮುಂದಿನ ಅರ್ಜಿಗಳಿಗೂ ಅದು ಮುಳುವಾಗುತ್ತದೆ.

ಸಂಪಿಗೆ

ವಿಸಿಟ್ ವೀಸಾ ತಪ್ಪಲ್ಲ, ಅದನ್ನು ಅದರ ಉದ್ದೇಶಕ್ಕೆ ಬಳಸುವುದಾದರೆ. ಎರಡು, ಐದು, ಹತ್ತು ವರ್ಷಗಳ ವಿಸಿಟ್ ವೀಸಾ ಸಿಗುತ್ತದೆ, ಪ್ರತಿ ಸಲ ಗರಿಷ್ಠ ಆರು ತಿಂಗಳು ಇರಬಹುದು. ಆದರೆ ಆರು ತಿಂಗಳು ಇದ್ದು ಸ್ವಲ್ಪವೇ ದಿನ ಊರಿಗೆ ಹೋಗಿ ಮತ್ತೆ ಬಂದರೆ, ಬ್ರಿಟನ್ನನ್ನೇ ಮನೆ ಮಾಡಿಕೊಂಡಿದ್ದಾರೆ ಎಂದು ತಡೆಯಬಹುದು. ಅತ್ತೆಯವರು ಪ್ರಯಾಣ ಮಾಡುವ ಸ್ಥಿತಿಯಲ್ಲಿದ್ದರೆ ವಿಮೆಯನ್ನು ಬಹಳ ಎಚ್ಚರದಿಂದ ಮಾಡಿಸಿ. ಪ್ರವಾಸಿಗರು ಆಸ್ಪತ್ರೆಗೆ ದಾಖಲಾದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ತನ್ನ ದರದ ಒಂದೂವರೆ ಪಟ್ಟು ಬಿಲ್ ಮಾಡುತ್ತದೆ. ಮೊದಲೇ ಇದ್ದ ಕಾಯಿಲೆಯನ್ನು ಅನೇಕ ವಿಮೆಗಳು ಒಪ್ಪುವುದಿಲ್ಲ.

ಟೊರಾಂಟೊ ಓದುಗ

ಬೇರೆ ದೇಶಕ್ಕೆ ಹೋದರೆ ಸುಲಭವೇ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಕೆನಡಾದಲ್ಲೂ ಸ್ಪಾನ್ಸರ್ ಆಗುವುದು ಸ್ವಂತ ಮಗ ಅಥವಾ ಮಗಳು, ಅಳಿಯ ಸೊಸೆ ಜೊತೆಗೆ ಸಹಿ ಹಾಕಬಹುದು ಅಷ್ಟೆ. ಆಸಕ್ತಿ ಅರ್ಜಿ ಸಲ್ಲಿಸಿದವರಲ್ಲಿ 2025ರವರೆಗೆ ಚೀಟಿ ಎತ್ತಿ ಆಯ್ಕೆ ಮಾಡುತ್ತಿದ್ದರು, ಹೆಸರು ಬರುತ್ತದೆ ಎಂಬ ಖಾತರಿ ಇರಲಿಲ್ಲ. ಸಮಾಧಾನವೆಂದರೆ ಸೂಪರ್ ವೀಸಾ. 2022ರ ಜುಲೈನಿಂದ ಒಂದು ಸಲಕ್ಕೆ ಐದು ವರ್ಷ ಇರಲು ಬಿಡುತ್ತಾರೆ, ಆರೋಗ್ಯ ವಿಮೆ ಕಡ್ಡಾಯ. ಅಮೆರಿಕದಲ್ಲಿ 21 ತುಂಬಿದ ಪೌರರು ಮಾತ್ರ ತಂದೆತಾಯಿಗೆ ಅರ್ಜಿ ಹಾಕಬಹುದು, ಗ್ರೀನ್ ಕಾರ್ಡ್ ಇದ್ದರೆ ಸಾಲದು. ಅಳಿಯನಿಗೆ ಅಲ್ಲಿಯೂ ಹಕ್ಕಿಲ್ಲ.

ಶುಶ್ರೂಷಕಿ

ನಾನು ಇಲ್ಲಿನ ಕೇರ್ ಹೋಮ್‌ನಲ್ಲಿ ನರ್ಸ್. ವೀಸಾ ಸಿಕ್ಕ ಮರುದಿನದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಎಡಿಆರ್ ಸಿಕ್ಕರೆ ಬರುವಾಗಲೇ ಶಾಶ್ವತ ನೆಲೆಯ ಹಕ್ಕು ಸಿಗುತ್ತದೆ, ಎನ್‌ಎಚ್‌ಎಸ್ ಚಿಕಿತ್ಸೆಯೂ ಸಿಗುತ್ತದೆ. ಆದರೆ ಐದು ವರ್ಷ ಅವರ ಊಟ, ವಸತಿ, ಆರೈಕೆ ಎಲ್ಲವೂ ನನ್ನ ಹೊಣೆ ಎಂದು ಸ್ಪಾನ್ಸರ್ ಮುಚ್ಚಳಿಕೆ ಬರೆದುಕೊಡಬೇಕು. ಸರ್ಕಾರದ ಭತ್ಯೆಗಳನ್ನು ಮುಟ್ಟುವಂತಿಲ್ಲ. ನೀವಿಬ್ಬರೂ ಕೆಲಸಕ್ಕೆ ಹೋದರೆ ಹಗಲು ಅವರ ಜೊತೆ ಯಾರು? ಇಲ್ಲಿ ಮನೆಗೆ ಬಂದು ನೋಡಿಕೊಳ್ಳುವವರನ್ನು ಗಂಟೆಯ ಲೆಕ್ಕದಲ್ಲಿ ಇಟ್ಟುಕೊಂಡರೆ ತಿಂಗಳ ಕೊನೆಗೆ ದೊಡ್ಡ ಮೊತ್ತವಾಗುತ್ತದೆ.

ಭಾಷೆಯ ಮಾತನ್ನೂ ಯೋಚಿಸಿ. ಮರೆವು ಹೆಚ್ಚಾದಂತೆ ಅನೇಕರು ನಡುವೆ ಕಲಿತ ಭಾಷೆಯನ್ನು ಬಿಟ್ಟು ಮಾತೃಭಾಷೆಗೇ ಮರಳುವುದನ್ನು ನಾನು ನೋಡಿದ್ದೇನೆ. ಬಾಯಾರಿದೆ, ನೋಯುತ್ತಿದೆ ಎಂದು ಹೇಳಿದರೂ ಪಕ್ಕದಲ್ಲಿರುವವರಿಗೆ ಅರ್ಥವಾಗದಿದ್ದರೆ ಅದು ದೊಡ್ಡ ಸಂಕಟ. ಬರಬೇಡಿ ಎನ್ನುತ್ತಿಲ್ಲ. ಅವರ ದಿನ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಕಳೆಯುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಇಲ್ಲಿ ಹೇಗೆ ನೋಡಿಕೊಳ್ಳುತ್ತೀರಿ ಎಂಬ ಪುರಾವೆ ಅರ್ಜಿಗೂ ಬೇಕು.

ರೆಡಿಂಗ್ ಮಗಳು

ಪ್ರಶ್ನೆ ಕೇಳಿದವರು ನನ್ನ ಯಜಮಾನರು. ಎಲ್ಲರ ಮಾತನ್ನೂ ಓದಿದೆ. ನಾನೇ ಬರೆಯಬೇಕು ಅನ್ನಿಸಿತು, ಏಕೆಂದರೆ ಅಮ್ಮನಿಗೆ ಬರಲು ಇಷ್ಟವಿದೆಯೇ ಎಂಬ ಪ್ರಶ್ನೆ ಇಲ್ಲಿ ಇನ್ನೂ ಬಂದಿಲ್ಲ.

ಅಮ್ಮನನ್ನು ಕೇಳಿದ್ದೇನೆ. ಕಾಯಿಲೆ ಹೆಚ್ಚಾಗುವ ಮೊದಲು ಊರು ಬಿಡುವುದಿಲ್ಲ ಎನ್ನುತ್ತಿದ್ದರು. ಈಗ ಅಪರಿಚಿತರು ಬಟ್ಟೆ ಬದಲಿಸುವಾಗ ಅವರಿಗೆ ಆಗುವ ನಾಚಿಕೆಯನ್ನು ಫೋನಿನಲ್ಲಿ ಹೇಳಿ ಅಳುತ್ತಾರೆ. ಹೊಸ ಹೋಂ ನರ್ಸ್ ಬಂದಾಗಲೆಲ್ಲ ಅದೇ ಹಿಂಸೆ ಮೊದಲಿನಿಂದ ಶುರುವಾಗುತ್ತದೆ. ನಿನ್ನ ಕೈಯಲ್ಲಿ ಮಾಡಿಸಿಕೊಂಡರೆ ನನಗೆ ಸಂಕೋಚವಿಲ್ಲ ಎಂದರು. ಮನೆ ಮಾರಬಾರದು ಎಂಬ ಒಂದೇ ಷರತ್ತು ಹಾಕಿದ್ದಾರೆ.

ಶುಶ್ರೂಷಕಿಯವರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇದೆ. ಅಮ್ಮ ಬಂದರೆ ನಾನು ಕೆಲಸ ಬಿಡುತ್ತೇನೆ. ಇವರ ಸಂಬಳದಲ್ಲಿ ಮನೆ ನಡೆಯುತ್ತದೆ ಎಂದು ಲೆಕ್ಕ ಹಾಕಿ ನೋಡಿದ್ದೇವೆ. ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲೇ.

ಐಎಲ್‌ಆರ್ ಬರುವವರೆಗೆ ಬೇರೆ ದಾರಿಯಿಲ್ಲ ಎಂದು ಒಪ್ಪಿಕೊಂಡಿದ್ದೇವೆ. ಅಲ್ಲಿಯವರೆಗೆ ರಜೆ ಸಿಕ್ಕಾಗಲೆಲ್ಲ ನಾನು ಹೋಗಿ ಅಮ್ಮನ ಜೊತೆ ಇರುತ್ತೇನೆ. ಎರಡು ಅನುಮಾನ ಉಳಿದಿವೆ. ಭಾರತದಲ್ಲಿ ಹೆಚ್ಚು ದಿನ ಇದ್ದರೆ ನನ್ನ ಐಎಲ್‌ಆರ್‌ಗೆ ತೊಂದರೆಯಾಗುತ್ತದೆಯೇ? ನನಗೆ ಜನನ ಪ್ರಮಾಣಪತ್ರವೇ ಇಲ್ಲ, ಅಮ್ಮನ ಮಗಳು ಎಂದು ಹೇಗೆ ತೋರಿಸಲಿ?

ತುಂಗಾತೀರ

ಮೊದಲನೆಯದಕ್ಕೆ ಉತ್ತರ: ಕೆಲಸದ ವೀಸಾದವರಿಗೆ ಇರುವ 180 ದಿನಗಳ ಮಿತಿ ಸಂಗಾತಿ ವೀಸಾಕ್ಕೆ ಇಲ್ಲ. ಆದರೆ ಇಬ್ಬರೂ ನಿಜವಾಗಿ ಬ್ರಿಟನ್ನಿನಲ್ಲಿ ಒಟ್ಟಿಗೆ ಬಾಳುತ್ತಿದ್ದೀರಾ ಎಂದು ನೋಡುತ್ತಾರೆ. ದೀರ್ಘವಾಗಿ ಹೋಗುವುದಾದರೆ ಕಾರಣ, ತಾಯಿಯ ವೈದ್ಯಕೀಯ ದಾಖಲೆ ಜೋಪಾನವಾಗಿರಲಿ. ಮುಂದೆ ಪೌರತ್ವ ಬೇಕೆಂದರೆ ಲೆಕ್ಕ ಬೇರೆ. ಬ್ರಿಟಿಷ್ ಪೌರರ ಸಂಗಾತಿಗೆ ಅರ್ಜಿಗೆ ಹಿಂದಿನ ಮೂರು ವರ್ಷಗಳಲ್ಲಿ ಹೊರಗಿದ್ದದ್ದು ಸಾಮಾನ್ಯವಾಗಿ 270 ದಿನ ಮೀರಬಾರದು.

ಅರ್ಜಿ ಹಾಕುವ ಮೊದಲು ಒಬ್ಬ ಸಾಲಿಸಿಟರ್ ಅಥವಾ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿದ ಸಲಹೆಗಾರರಿಗೆ ಎಲ್ಲ ಕಾಗದ ತೋರಿಸಿ. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಇರುವ ನಿಯಮವನ್ನೇ ನೋಡಿಕೊಳ್ಳಬೇಕು.

ಸಂಪಿಗೆ

ತಂಗಿ, ಜನನ ಪ್ರಮಾಣಪತ್ರದ ಕೆಲಸವನ್ನು ಮುಂದಿನ ಸಲ ಊರಿಗೆ ಹೋದಾಗಲೇ ಶುರುಮಾಡಿ. ಮೊದಲು ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲಿ ಹಳೆಯ ರಿಜಿಸ್ಟರ್ ಹುಡುಕಿಸಿ, ಎಷ್ಟೋ ಸಲ ಹೆಸರಿಲ್ಲದೆ ಹೆಣ್ಣು ಮಗು ಎಂದು ಮಾತ್ರ ದಾಖಲಾಗಿರುತ್ತದೆ. ಅಲ್ಲಿ ಇಲ್ಲದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪತ್ರ ಪಡೆದು ತಡವಾದ ನೋಂದಣಿಗೆ ಅರ್ಜಿ ಕೊಡಬೇಕು. ಒಂದು ವರ್ಷ ದಾಟಿದ ಜನನದ ನೋಂದಣಿಗೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರಿಗೆ ಹೋಗಿದೆ. ಶಾಲೆಯ ದಾಖಲೆ, ಪಡಿತರ ಚೀಟಿ, ನಿಮ್ಮ ಪಾಸ್‌ಪೋರ್ಟಿನಲ್ಲಿರುವ ತಾಯಿಯ ಹೆಸರು ಇವೂ ಜೊತೆಗಿರಲಿ. ಎಲ್ಲ ಕಡೆ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಇದೆಯೇ ನೋಡಿ. ಕನ್ನಡದ ದಾಖಲೆಗಳಿಗೆ ದೃಢೀಕೃತ ಇಂಗ್ಲಿಷ್ ಅನುವಾದ ಬೇಕು.

ಅರ್ಜಿಗೆ ಬೇಕಾದ ಕ್ಷಯರೋಗ ಪರೀಕ್ಷೆಯನ್ನು ಅಮ್ಮನಿಗೆ ಈಗಲೇ ಮಾಡಿಸಬೇಡಿ, ಆ ಪ್ರಮಾಣಪತ್ರಕ್ಕೆ ಆರೇ ತಿಂಗಳು ಆಯಸ್ಸು. ಬೆರಳಚ್ಚು ಕೊಡಲು ಅಮ್ಮನಿಗೆ ಕೇಂದ್ರಕ್ಕೆ ಹೋಗಲಾಗದಿದ್ದರೆ ಹೆಚ್ಚುವರಿ ಹಣ ಪಡೆದು ಮನೆಗೇ ಬರುವ ಸೇವೆ ಇದೆ. ಮನೆ ಮಾರದಿದ್ದರೂ ನಡೆಯುತ್ತದೆ, ಆದರೆ ಅದನ್ನು ಬಾಡಿಗೆಗೆ ಕೊಟ್ಟರೆ ಅಥವಾ ಮಾರಿದರೆ ಎಷ್ಟು ಬರುತ್ತದೆ, ಅದರಿಂದಲೂ ಅಲ್ಲಿ ಏಕೆ ಸರಿಯಾದ ಆರೈಕೆ ಸಿಗದು ಎಂಬುದಕ್ಕೆ ಉತ್ತರ ಸಿದ್ಧವಿರಲಿ. ಇನ್ನೊಂದು, ಇಲ್ಲಿಗೆ ಬಂದ ಮೇಲೆ ಅವರು ಸತತ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ನೆಲೆಯ ಹಕ್ಕು ಹೋಗುತ್ತದೆ.

ಸ್ಪಾನ್ಸರ್‌ನ ಹೇಳಿಕೆಯನ್ನು ಬೇರೆಯವರಿಂದ ಬರೆಸಬೇಡಿ. ಅಮ್ಮ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿರಲ್ಲ, ಅದನ್ನು ಹಾಗೆಯೇ ಬರೆಯಿರಿ.

ರೆಡಿಂಗ್ ಅಳಿಯ

ಎಲ್ಲರಿಗೂ ಕೃತಜ್ಞತೆಗಳು. ಲೈಫ್ ಇನ್ ದ ಯುಕೆ ಪರೀಕ್ಷೆಗೆ ದಿನ ಕಾಯ್ದಿರಿಸಿದ್ದೇವೆ. ನೋಟ್ ಪುಸ್ತಕವನ್ನು ಈಗಿರುವ ಹೋಂ ನರ್ಸ್ ಬರೆಯಲು ಒಪ್ಪಿದ್ದಾರೆ. ನರರೋಗ ತಜ್ಞರಿಗೆ ಏನೇನು ಬರೆಯಬೇಕೆಂದು ಕೇಳಲು ಸಂಪಿಗೆಯವರ ಸಾಲುಗಳನ್ನೇ ಇಟ್ಟುಕೊಂಡು ಪ್ರಶ್ನೆಗಳ ಒಂದು ಹಾಳೆ ಮಾಡುತ್ತಿದ್ದೇವೆ. ಪಾರ್ಕಿನ್ಸನ್ ಇರುವ ತಂದೆತಾಯಿಗೆ ಅರ್ಜಿ ಹಾಕಿದವರು ಬೇರೆ ಯಾರಾದರೂ ಇದ್ದರೆ, ನಿಮ್ಮ ವೈದ್ಯರ ವರದಿಯಲ್ಲಿ ಯಾವ ವಿವರ ಹೆಚ್ಚು ನೆರವಾಯಿತು ಎಂದು ತಿಳಿಸಿ.